ಕಾದ ತಗಡಿನಿಂದ ಕರೆಂಟ್ ಯಾಕೆ ಬರುವುದಿಲ್ಲ?

ಗದಗ-ಬೆಟಗೇರಿಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ನಾನು ಕೊಟ್ಟ ಅಭ್ಯಾಸ ಪಾಠ ‘ಶಾಖದಿಂದ ವಿದ್ಯುತ್’. ಕಬ್ಬಿಣದ ತಂತಿಯ ಎರಡೂ ತುದಿಗೆ ತಾಮ್ರದ ತಂತಿ ಹೆಣೆದು, ಆ ತಾಮ್ರದ ತಂತಿಗಳನ್ನು ಮಲ್ಟಿಮೀಟರಿಗೆ ಜೋಡಿಸಿದ್ದೆ. ಶಾಖ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು ಎಂದುಕೊಂಡು ಎರಡೂ ಸಂಧಿಗಳನ್ನು ಕುದಿನೀರಿನ ಒಂದೇ ಪಾತ್ರೆಯಲ್ಲಿ ಅದ್ದಿದೆ. ಮಲ್ಟಿಮೀಟರ್ ಸೊನ್ನೆ ತೋರಿಸಿತು.

ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಸರ, ನಮ್ಮನಿ ಮ್ಯಾಲಿನ ತಗಡು ಬಿಸಲಿಗೆ ಕೈ ಸುಡುವಂಗ ಕಾಯ್ತದ. ಅದರಾಗೂ ಕರೆಂಟ್ ಬರಂಗಿಲ್ಲಲ್ರಿ?”

ಆ ಪ್ರಶ್ನೆಯೇ ನನ್ನ ತಪ್ಪನ್ನು ತೋರಿಸಿತು. ತಗಡು ಒಂದೇ ಲೋಹ, ಎಲ್ಲ ಕಡೆ ಒಂದೇ ಸಮ ಕಾದಿರುತ್ತದೆ. ಒಂದು ಸಂಧಿಯನ್ನು ಕೊಡದ ತಣ್ಣೀರಿಗೆ ಹಾಕಿದೆ. ಮಿಲಿವೋಲ್ಟಿನಷ್ಟು ಸಣ್ಣ ಅಂಕಿ ಕಾಣಿಸಿತು. 1821ರಲ್ಲಿ ಸೀಬೆಕ್ ಕಂಡ ಪರಿಣಾಮ ಇದೇ. ಬೇಕಾದದ್ದು ಬರೀ ಶಾಖವಲ್ಲ, ತಾಪದ ವ್ಯತ್ಯಾಸ.

ಒಲೆಯ ಮುಂದೆ ಕುಳಿತವರ ಮುಖಕ್ಕೆ ಬಡಿಯುವ ಝಳ ವಿಕಿರಣ ಶಾಖ. ಸಾಧನದ ಕಪ್ಪು ಮುಖ ಅದನ್ನು ಹೀರಿ ಕಾಯುತ್ತದೆ. ಹಿಂಬದಿ ತಂಪಾಗಿ ಉಳಿದರೆ ಮಾತ್ರ ವಿದ್ಯುತ್. ತೊಡಕು ಇಲ್ಲಿದೆ: ವಿದ್ಯುತ್ತನ್ನು ಚೆನ್ನಾಗಿ ಸಾಗಿಸುವ ಲೋಹ ಶಾಖವನ್ನೂ ಸಾಗಿಸಿ ಎರಡೂ ಬದಿಯನ್ನು ಸಮ ಮಾಡುತ್ತದೆ.

ನ್ಯಾನೊ ರಚನೆ ನೆರವಾಗುವುದು ಇಲ್ಲೇ. ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಅರೆವಾಹಕಗಳಲ್ಲಿ ಶಾಖವನ್ನು ಹೆಚ್ಚಾಗಿ ಒಯ್ಯುವುದು ಪರಮಾಣುಗಳ ಕಂಪನ. ಒಳಗೆ ಕೆಲವೇ ನ್ಯಾನೊಮೀಟರ್ ಗಾತ್ರದ ರಚನೆಗಳಿದ್ದರೆ ಕಂಪನ ಚದರುತ್ತದೆ, ಎಲೆಕ್ಟ್ರಾನುಗಳು ಬಹುಮಟ್ಟಿಗೆ ಸಾಗುತ್ತವೆ. ಸಾಣಿಗೆ ಹಿಟ್ಟನ್ನು ಬಿಟ್ಟು ತೌಡನ್ನು ತಡೆದಂತೆ ಎಂದು ಮಕ್ಕಳಿಗೆ ಹೇಳಬಹುದು. ಆದರೆ ಇಲ್ಲಿ ನಡೆಯುವುದು ಸೋಸುವಿಕೆಯಲ್ಲ, ಚದರುವಿಕೆ ಎಂದೂ ಹೇಳಬೇಕು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕನಿಷ್ಕ ಬಿಸ್ವಾಸ್ ಅವರ ತಂಡ ಬೆಳ್ಳಿ, ಆಂಟಿಮನಿ, ಟೆಲ್ಲುರಿಯಂಗಳ ಸಂಯುಕ್ತಕ್ಕೆ ತುಸು ಕ್ಯಾಡ್ಮಿಯಂ ಬೆರೆಸಿ ಇಂಥ ವಸ್ತುವನ್ನು ರೂಪಿಸಿತು. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು.

ನನ್ನ ಪಾಠಯೋಜನೆಯ ಕಲಿಕಾ ಫಲವನ್ನು ‘ತಾಪದ ವ್ಯತ್ಯಾಸದಿಂದ ವಿದ್ಯುತ್’ ಎಂದು ತಿದ್ದಿದೆ. ಮರುಪಾಠದಲ್ಲಿ ಎರಡೂ ಸಂಧಿಗಳನ್ನು ಬೇಕೆಂದೇ ಮೊದಲು ಬಿಸಿನೀರಿಗೆ ಹಾಕಿದೆ. ಸೊನ್ನೆ ಕಂಡ ಮಕ್ಕಳೇ ಕೊಡದ ನೀರು ತಂದರು.