ಸ್ನಾಯುಗಳ ಬೆಳವಣಿಗೆಗೊಂದು ಕಡಿವಾಣ: ಡಾ. ಸೇ-ಜಿನ್ ಲೀ ಅವರ ಸಂಶೋಧನೆ

ಬೆಲ್ಜಿಯಂ ದೇಶದ 'ಬೆಲ್ಜಿಯನ್ ಬ್ಲೂ' ತಳಿಯ ಹೋರಿಯ ಚಿತ್ರವನ್ನು ಮೊದಲ ಬಾರಿಗೆ ನೋಡುವ ಯಾರೂ ಒಂದು ಕ್ಷಣ ಬೆರಗಾಗದೆ ಇರಲಾರರು. ತೊಡೆ, ಹೆಗಲು, ಬೆನ್ನುಗಳಲ್ಲಿ ಉಬ್ಬಿ ನಿಂತ ಅದರ ಸ್ನಾಯುಗಳು ಗರಡಿಯಾಳಿನ ಮೈಕಟ್ಟನ್ನು ನೆನಪಿಸುತ್ತವೆ. ಇದು ದುಡಿಮೆಯಿಂದ ಗಳಿಸಿದ ಮೈಯಲ್ಲ, ಹುಟ್ಟಿನಿಂದಲೇ ಬಂದುದು. 'ಇಮ್ಮಡಿ ಸ್ನಾಯು' ಎನಿಸಿಕೊಂಡ ಈ ಲಕ್ಷಣ ಯೂರೋಪಿನ ಪಶುಪಾಲಕರ ಬರಹಗಳಲ್ಲಿ 1807ರಷ್ಟು ಹಿಂದೆಯೇ ದಾಖಲಾಗಿತ್ತು. ಅದರ ಮೂಲ ಬೆಳಕಿಗೆ ಬಂದದ್ದು ಮಾತ್ರ 190 ವರ್ಷಗಳ ಅನಂತರ. ಅದೂ ಪ್ರಯೋಗಾಲಯದ ಪುಟ್ಟ ಇಲಿಯೊಂದರ ಮೂಲಕ.

ಇಲಿ ಹೇಳಿದ ಸತ್ಯ

ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಣುಜೀವವಿಜ್ಞಾನಿ ಡಾ. ಸೇ-ಜಿನ್ ಲೀ ಅವರು ಜೀವಕೋಶಗಳ ಬೆಳವಣಿಗೆಯನ್ನು ನಿಯಂತ್ರಿಸುವ ಪ್ರೋಟೀನುಗಳ ಶೋಧದಲ್ಲಿ ತೊಡಗಿದ್ದರು. ಅವುಗಳಲ್ಲಿ ಒಂದರ ಕೆಲಸವನ್ನು ಅರಿಯಲು ಅವರೂ ಅವರ ಸಹೋದ್ಯೋಗಿಗಳಾದ ಅಲೆಕ್ಸಾಂಡ್ರಾ ಮೆಕ್‌ಫೆರಾನ್ ಮತ್ತು ಆ್ಯನ್ ಲಾಲರ್ ಅವರೂ ಇಲಿಗಳಲ್ಲಿ ಅದರ ವಂಶವಾಹಿಯನ್ನೇ ನಿಷ್ಕ್ರಿಯಗೊಳಿಸಿದರು. ಹಾಗೆ ಹುಟ್ಟಿದ ಇಲಿಗಳ ಸ್ನಾಯುಗಳು ಸಾಮಾನ್ಯ ಇಲಿಗಳ ಸ್ನಾಯುಗಳಿಗಿಂತ ಎರಡರಿಂದ ಮೂರು ಪಟ್ಟು ತೂಗಿದವು. 1997ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ವರದಿ ಪ್ರಕಟವಾಯಿತು. ಆ ಪ್ರೋಟೀನಿಗೆ 'ಮಯೋಸ್ಟ್ಯಾಟಿನ್' ಎಂದು ಹೆಸರಿಡಲಾಯಿತು.

ಇದರ ಅರ್ಥವೇನು? ನಮ್ಮ ದೇಹ ಸ್ನಾಯುಗಳನ್ನು ಬೆಳೆಸುವುದು ಮಾತ್ರವಲ್ಲ, 'ಇಷ್ಟು ಸಾಕು' ಎಂದು ತಡೆಯುವ ಏರ್ಪಾಡನ್ನೂ ಹೊಂದಿದೆ. ಸ್ನಾಯುಗಳಿಂದಲೇ ಹೊರಡುವ ಮಯೋಸ್ಟ್ಯಾಟಿನ್ ಸ್ನಾಯುಗಳಿಗೇ ಕಡಿವಾಣ ಹಾಕುತ್ತದೆ.

ಇಲಿಗಳ ಮೈಕಟ್ಟನ್ನು ಕಂಡ ಮೇಲೆ ಇಮ್ಮಡಿ ಸ್ನಾಯುವಿನ ದನಗಳತ್ತ ಗಮನ ಹರಿದುದು ಸಹಜವೇ. ಅದೇ ವರ್ಷ ಮೆಕ್‌ಫೆರಾನ್ ಮತ್ತು ಲೀ ಅವರು ಬೆಲ್ಜಿಯನ್ ಬ್ಲೂ ತಳಿಯ ಈ ವಂಶವಾಹಿಯಲ್ಲಿ 11 ಅಕ್ಷರಗಳು ಕಾಣೆಯಾಗಿರುವುದನ್ನೂ ಇಟಲಿಯ ಪೀಡ್ಮಾಂಟೀಸ್ ತಳಿಯಲ್ಲಿ ಒಂದು ಅಕ್ಷರ ಬದಲಾಗಿರುವುದನ್ನೂ ತೋರಿಸಿಕೊಟ್ಟರು. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಮಿಶೆಲ್ ಜಾರ್ಜ್ ಅವರ ತಂಡವೂ ಪ್ರತ್ಯೇಕವಾಗಿ ಇದೇ ನಿರ್ಣಯಕ್ಕೆ ಬಂದಿತ್ತು. ಪಶುಪಾಲಕರು ಹೆಚ್ಚು ಮಾಂಸವುಳ್ಳ ಹೋರಿಗಳನ್ನು ತಲೆಮಾರುಗಳಿಂದ ಆರಿಸುತ್ತ ಬಂದಾಗ, ಅವರಿಗೇ ಅರಿವಿಲ್ಲದೆ ಆರಿಸಿದ್ದು ಕಡಿವಾಣ ಕಳಚಿದ ಈ ವಂಶವಾಹಿಯನ್ನು.

ತಾಯಿ ತೆರುವ ಬೆಲೆ

ಈ ದನಗಳಲ್ಲಿ ಸರಾಸರಿ ಶೇಕಡಾ 20ರಷ್ಟು ಹೆಚ್ಚು ಸ್ನಾಯುವಿದೆ, ಕೊಬ್ಬು ಕಡಿಮೆ. ಮಾರುಕಟ್ಟೆಗೆ ಇದಕ್ಕಿಂತ ಬೇರೇನು ಬೇಕು? ಆದರೆ ಕರುವಿನ ಮೈ ದೊಡ್ಡದು, ತಾಯಿಯ ಹೆರಿಗೆಯ ದಾರಿ ಕಿರಿದು. ಆದ್ದರಿಂದ ಬೆಲ್ಜಿಯಂನಲ್ಲಿ ಈ ತಳಿಯ ಶುದ್ಧ ಹಸುಗಳ ಹೆರಿಗೆಗಳಲ್ಲಿ ಹತ್ತಕ್ಕೆ ಒಂಬತ್ತು ಶಸ್ತ್ರಚಿಕಿತ್ಸೆಯಿಂದಲೇ ಆಗುತ್ತವೆ. 2015ರಲ್ಲಿ ದಕ್ಷಿಣ ಕೊರಿಯಾ ಮತ್ತು ಚೀನಾದ ವಿಜ್ಞಾನಿಗಳು ಇದೇ ವಂಶವಾಹಿಯನ್ನು ಕೆಡಿಸಿ ಇಮ್ಮಡಿ ಸ್ನಾಯುವಿನ ಹಂದಿಗಳನ್ನು ಸೃಷ್ಟಿಸಿದಾಗ, ಹುಟ್ಟಿದ 32 ಮರಿಗಳಲ್ಲಿ ಎಂಟು ತಿಂಗಳು ಬದುಕಿದವು 13 ಮಾತ್ರ. ಹೆಚ್ಚು ಮಾಂಸ ದೊರೆತರೆ ಸಾಕೆನ್ನುವವರು ಈ ಲೆಕ್ಕವನ್ನೂ ನೋಡಬೇಕಾಗಿದೆ.

ಬಲಹೀನರಿಗೆ ಭರವಸೆ

ಆದರೂ ಈ ಸಂಶೋಧನೆ ಮಾಂಸದ ಅಂಗಡಿಗೆ ಮಾತ್ರ ಸೇರಿದ್ದಲ್ಲ. ಡ್ಯುಶೆನ್ ಎಂಬ ಸ್ನಾಯುಕ್ಷಯದಿಂದ ಬಳಲುವ ಗಂಡುಮಕ್ಕಳು ಎಳವೆಯಲ್ಲೇ ಮೆಟ್ಟಿಲೇರಲು ತಡವರಿಸಿ, ಹದಿಹರೆಯದ ಹೊತ್ತಿಗೆ ಗಾಲಿಕುರ್ಚಿಯನ್ನು ಆಶ್ರಯಿಸುತ್ತಾರೆ. ಮಯೋಸ್ಟ್ಯಾಟಿನನ್ನು ತಡೆದರೆ ಇವರ ಸ್ನಾಯುಗಳು ಬಲಗೊಳ್ಳಬಹುದೆಂಬ ಆಸೆ ಅನೇಕ ತಂದೆತಾಯಂದಿರಲ್ಲಿ ಮೂಡಿತು. ಈ ಪ್ರೋಟೀನು ಇಲ್ಲದೆಯೇ ಹುಟ್ಟಿದ ಬಲಿಷ್ಠ ಬಾಲಕನೊಬ್ಬನ ವಿಚಾರ 2004ರಲ್ಲಿ ಜರ್ಮನಿಯಿಂದ ವರದಿಯಾದಾಗ ಆ ಆಸೆ ಇಮ್ಮಡಿಸಿತು. ಆದರೆ ರೋಗಿಗಳ ಮೇಲಿನ ಪ್ರಯೋಗಗಳು ನಿರೀಕ್ಷಿತ ಫಲ ಕೊಡಲಿಲ್ಲ. ಡ್ಯುಶೆನ್ ಬಾಲಕರಿಗೆ ನೀಡಲಾಗುತ್ತಿದ್ದ ಅಂತಹ ಒಂದು ಔಷಧದ ಪ್ರಯೋಗವನ್ನು 2018ರಲ್ಲಿ ನಿಲ್ಲಿಸಲಾಯಿತು.

ಡಾ. ಲೀ ಅವರು ಎದೆಗುಂದಲಿಲ್ಲ. 2019ರ ಡಿಸೆಂಬರಿನಲ್ಲಿ ಅವರೂ ಅವರ ಪತ್ನಿ, ಮಕ್ಕಳ ತಜ್ಞೆ ಡಾ. ಎಮಿಲಿ ಜರ್ಮೇನ್-ಲೀ ಅವರೂ 40 ಇಲಿಗಳನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿದರು. ತೂಕವಿಲ್ಲದ ಆ ವಾತಾವರಣದಲ್ಲಿ ಸಾಮಾನ್ಯ ಇಲಿಗಳು ಸ್ನಾಯು ಮತ್ತು ಎಲುಬಿನ ಬಲವನ್ನು ಕಳೆದುಕೊಂಡವು. ಮಯೋಸ್ಟ್ಯಾಟಿನ್ ಇಲ್ಲದ ಇಲಿಗಳು ಸ್ನಾಯುವನ್ನು ಬಹುಮಟ್ಟಿಗೆ ಉಳಿಸಿಕೊಂಡವು. ತಡೆ ಔಷಧ ಪಡೆದವುಗಳ ಸ್ನಾಯುಗಳಂತೂ ಬೆಳೆದೇ ಇದ್ದವು. ಹಾಸಿಗೆ ಹಿಡಿದ ವೃದ್ಧರಿಗೂ ರೋಗಿಗಳಿಗೂ ಇದರಿಂದ ಒಂದು ದಿನ ನೆರವಾಗಬಹುದೆಂಬುದು ಈ ದಂಪತಿಗಳ ಆಶಯ.

ಒಂದೇ ಜ್ಞಾನ ಒಂದೆಡೆ ಹಸುವಿನ ಹೊಟ್ಟೆ ಸೀಳಿಸುತ್ತದೆ, ಇನ್ನೊಂದೆಡೆ ಗಾಲಿಕುರ್ಚಿಯ ಮಗುವಿನ ಮನೆಯಲ್ಲಿ ಆಸೆಯ ದೀಪ ಹಚ್ಚುತ್ತದೆ. ದೋಷ ಜ್ಞಾನದಲ್ಲಿಲ್ಲ. ಅದರಿಂದ ನಾವು ಏನನ್ನು ಬಯಸುತ್ತೇವೆ, ಆ ಬಯಕೆಗೆ ಎಲ್ಲಿ ಕಡಿವಾಣ ಹಾಕುತ್ತೇವೆ ಎಂಬುದೇ ಪ್ರಶ್ನೆ. ಊಟದ ಮೇಜಿನ ಸುತ್ತ ಮಕ್ಕಳೊಡನೆ ಕುಳಿತಾಗ ನಾವು ಈ ವಿಚಾರವನ್ನು ಒಮ್ಮೆ ಮಾತನಾಡಿಕೊಂಡರೆ ಒಳಿತಾದೀತು.