ಗುಳಿಗೆಗೆ ಬೆಲೆಯಿದೆ, ಮಾತಿಗಿಲ್ಲ

ಸಂಜೆ ಹೊತ್ತು ಅಂಕೋಲಾ ಪೇಟೆಯ ಯಾವುದಾದರೂ ಮೆಡಿಕಲ್ ಮುಂದೆ ನಿಂತು ನೋಡಿ. ಬಸ್ ತಪ್ಪೀತೆಂಬ ಗಡಿಬಿಡಿಯಲ್ಲಿ ಹಿರಿಯಮ್ಮನೊಬ್ಬರು ಬಿಪಿ ಗುಳಿಗೆಯ ಖಾಲಿ ಸ್ಟ್ರಿಪ್ ಚಾಚುತ್ತಾರೆ: "ತಮಾ, ಇದೇ ಹತ್ತು ಕೊಡು. ಮೊಣಕಾಲು ನೋವಿಗೂ ನಾಲ್ಕು ಹಾಕು." ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆ ಬಿಪಿ ಏರಿಸಬಲ್ಲದು, ಮೂತ್ರಪಿಂಡಕ್ಕೂ ಕೇಡು. ಅದು ಗೊತ್ತಿರಬೇಕಾದವರು ಕೌಂಟರಿನ ಒಳಗೇ ಇರುತ್ತಾರೆ. ಹಿಂದೆ ಇನ್ನೂ ಐದು ಜನ ಕಾಯುತ್ತಿರುವಾಗ ಹೇಳುವ ಪುರಸೊತ್ತು ಮಾತ್ರ ಇರುವುದಿಲ್ಲ.

ಕಾನೂನಿಗೇನೂ ಬರವಿಲ್ಲ. ಚೀಟಿಯ ಔಷಧ ಕೊಡುವವರು ನೋಂದಾಯಿತ ಫಾರ್ಮಾಸಿಸ್ಟರೇ ಆಗಿರಬೇಕೆಂದು 1948ರ ಫಾರ್ಮಸಿ ಕಾಯ್ದೆಯೇ ಹೇಳಿದೆ. ರೋಗಿಗೆ ತಿಳಿವಳಿಕೆ ಕೊಡುವುದೂ ಅವರ ಕೆಲಸವೆಂದು 2015ರ ನಿಯಮಾವಳಿ ಸೇರಿಸಿತು. ಬಿಗಿ ನಿಗಾದ ಶೆಡ್ಯೂಲ್ ಎಚ್1 ಪಟ್ಟಿಯ ಔಷಧ ಮಾರಿದರೆ ವೈದ್ಯರ ಮತ್ತು ರೋಗಿಯ ಹೆಸರು ಬರೆದ ಪುಸ್ತಕವನ್ನು 3 ವರ್ಷ ಕಾದಿಡಬೇಕು.

ಇಷ್ಟೆಲ್ಲ ಹೊರಿಸಿದ ಮೇಲೆ ಕೂಲಿ? ಬೆಲೆ ನಿಯಂತ್ರಣದ ಔಷಧಗಳಿಗೆ ಚಿಲ್ಲರೆ ಅಂಗಡಿಯ ಲಾಭಾಂಶ ಶೇ 16. ಅದು ಗುಳಿಗೆ ಮಾರಿದ್ದಕ್ಕೆ. "ಈ ಗುಳಿಗೆ ಬೇಡ, ಡಾಕ್ಟರಿಗೆ ತೋರಿಸಿ" ಎಂದು ಗಿರಾಕಿಯನ್ನು ವಾಪಸ್ ಕಳಿಸಿದರೆ ಅಂಗಡಿಗೆ ನಷ್ಟವೇ. ಇಂಗ್ಲೆಂಡಿನಲ್ಲಿ 2024ರ ಜನವರಿಯಿಂದ 7 ಸಾಮಾನ್ಯ ಕಾಯಿಲೆಗಳಿಗೆ ಫಾರ್ಮಸಿಯಲ್ಲೇ ಸಲಹೆ, ಔಷಧ ಸಿಗುತ್ತದೆ. ಸಲಹೆಯ ಹಣ ಸರ್ಕಾರದ್ದು. ಇಂಥ ಸೇವೆಗೆ ನಮ್ಮಲ್ಲಿ ಅಂಗಡಿಗಳು ಸಿದ್ಧವೇ ಎಂದು ಕೇಳುವವರು ಮೊದಲು ಈ ಲೆಕ್ಕ ನೋಡಲಿ.

ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ನಿಜ. ಆದರೂ ಹೃದಯ, ಮಿದುಳಿನ ದೊಡ್ಡ ತೊಂದರೆಗೆ ಗೋವಾ, ಮಣಿಪಾಲ, ಮಂಗಳೂರು, ಹುಬ್ಬಳ್ಳಿಯ ದಾರಿ ಹಿಡಿಯುವುದು ಉತ್ತರ ಕನ್ನಡ ಜಿಲ್ಲೆಗೆ ರೂಢಿಯಾಗಿಬಿಟ್ಟಿದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜನ ಬೀದಿಗಿಳಿದದ್ದೂ ಆಗಿದೆ. ಲಕ್ವಾ ಹೊಡೆದ ಮೇಲೆ ಅಷ್ಟು ದೂರ ಓಡುವುದಕ್ಕಿಂತ ಬಿಪಿಯನ್ನು ಊರಲ್ಲೇ ಹಿಡಿತಕ್ಕೆ ತರುವುದು ಅಗ್ಗ. ಅದಕ್ಕೆ ಮೆಡಿಕಲ್‌ನಷ್ಟು ಹತ್ತಿರದ ಜಾಗ ಇನ್ನೊಂದಿಲ್ಲ.

ಹಾಗಂತ ಅಂಗಡಿಯೇ ದವಾಖಾನೆಯಾಗಲಿ ಎಂದಲ್ಲ. ಚೀಟಿಯಿಲ್ಲದೆ ಎರಡು ದಿನದ ಆಂಟಿಬಯೋಟಿಕ್ ಕತ್ತರಿಸಿ ಕೊಡುವ ಚಾಳಿ ನಿಲ್ಲದೆ ಹೊಸ ಅಧಿಕಾರ ಕೊಟ್ಟರೆ ಅನಾಹುತವೇ ಸರಿ. ಬಿಪಿ ನೋಡಿ ಬರೆದಿಡುವುದು, ಇನ್‌ಹೇಲರ್ ಎಳೆಯುವುದನ್ನು ಮಾಡಿ ತೋರಿಸುವುದು, ಗುಳಿಗೆ ನಿಲ್ಲಿಸಿದವರನ್ನು ಗುರುತಿಸಿ ವೈದ್ಯರ ಬಳಿ ಕಳಿಸುವುದು: ಇಷ್ಟಕ್ಕೆ ಒಂದು ಯಂತ್ರ, ಎರಡು ಕುರ್ಚಿ, ಮರೆಗೊಂದು ಪರದೆ ಸಾಕು. ಪ್ರತಿ ರೋಗಿಯ ಲೆಕ್ಕದಲ್ಲಿ ಸರ್ಕಾರ ಒಂದಿಷ್ಟು ಕೊಡಬೇಕು. ಪ್ರಯೋಗಕ್ಕೆ ಕಾರವಾರದ ಬೈತಖೋಲ ಬಂದರಿನ ಆಸುಪಾಸೇ ಆಗಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಸಮುದ್ರದ ಮೇಲಿದ್ದಾಗ ಕೈಗೆ ಸಿಗದ ಮೀನುಗಾರರು ಆ 61 ದಿನ ದಡದಲ್ಲಿರುತ್ತಾರೆ.