ರೇಡಿಯೊಗಿಂತ ಮೊದಲೇ ಹಾರಲು ಕಲಿತ ರೆಕ್ಕೆ

ಮಾದರಿ ವಿಮಾನದ ರೆಕ್ಕೆ ಕಟ್ಟುವ ಕೆಲಸ ಶುರುವಾಗುವುದು ಎಲ್ಲೂ ಸೊಟ್ಟಗಿಲ್ಲದ ಒಂದು ಹಲಗೆಯಿಂದ. ಅದರ ಮೇಲೆ ನಿಜ ಅಳತೆಯ ನಕ್ಷೆ ಹರಡಿ, ನಕ್ಷೆಗೆ ಅಂಟು ಹಿಡಿಯದಂತೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ರೆಕ್ಕೆಯ ಉದ್ದಕ್ಕೂ ಓಡುವ ಕಡ್ಡಿಗೆ ಸ್ಪಾರ್ ಎನ್ನುತ್ತಾರೆ. ಕೆಳಗಿನ ಸ್ಪಾರನ್ನು ಗುಂಡುಸೂಜಿಗಳಿಂದ ಹಲಗೆಗೆ ಬಿಗಿದು, ಬಾಲ್ಸಾ ಮರದ ಹಾಳೆಯಿಂದ ಕತ್ತರಿಸಿದ ರಿಬ್‌ಗಳನ್ನು, ಅಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳನ್ನು, ಮೂಲೆಮಟ್ಟ ಹಿಡಿದು ಒಂದೊಂದಾಗಿ ನೆಟ್ಟಗೆ ನಿಲ್ಲಿಸಿ ಅಂಟಿಸಬೇಕು. ಆಮೇಲೆ ಮೇಲಿನ ಸ್ಪಾರ್, ಮುಂದಂಚು, ಹಿಂದಂಚು. ಎರಡು ಸ್ಪಾರ್‌ಗಳ ನಡುವೆ ತೆಳು ಬಾಲ್ಸಾ ಪಟ್ಟಿಗಳನ್ನು ಅವುಗಳ ನಾರು ಲಂಬವಾಗಿ ನಿಲ್ಲುವಂತೆ ಕೂರಿಸಿದರೆ, ಬೆರಳಲ್ಲಿ ಮುರಿಯಬಹುದಾದ ಆ ಕಡ್ಡಿಗಳೇ ಲಾಗ ಹೊಡೆಯುವ ವಿಮಾನದ ಭಾರ ತಾಳುವಷ್ಟು ಗಟ್ಟಿಯಾಗುತ್ತವೆ.

ಮೈದಾನದಲ್ಲಿ ನೋಡುವವರಿಗೆ ವಿಮಾನವನ್ನು ಹಾರಿಸುತ್ತಿರುವುದು ಕೈಯಲ್ಲಿರುವ ರಿಮೋಟ್ ಎನಿಸುತ್ತದೆ. ರೆಕ್ಕೆ ಬೆಳೆದುಬಂದ ದಾರಿ ನೋಡಿದರೆ ವಿಷಯ ಹಾಗಿಲ್ಲ. ರೇಡಿಯೊ ಬರುವ ಹೊತ್ತಿಗೆ ರೆಕ್ಕೆಗೆ ತನ್ನ ಪಾಡಿಗೆ ತಾನು ಹಾರುವುದು ಗೊತ್ತಿತ್ತು. ರೇಡಿಯೊ ಅದಕ್ಕೆ ಎತ್ತ ಹೋಗಬೇಕೆಂದು ಹೇಳಿತು, ಅಷ್ಟೆ.

1871ರ ಆಗಸ್ಟ್ 18ರಂದು ಪ್ಯಾರಿಸ್ಸಿನ ಟ್ಯುಲೆರೀಸ್ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೊ ಎಂಬ ತರುಣ ಒಂದು ಪುಟ್ಟ ವಿಮಾನವನ್ನು ಹಾರಿಸಿ ತೋರಿಸಿದ. ಅದನ್ನು ಪ್ಲಾನೊಫೋರ್ ಎಂದು ಕರೆದಿದ್ದ. ತಿರುಚಿದ ರಬ್ಬರ್ ಎಳೆಗಳು ಬಿಚ್ಚಿಕೊಳ್ಳುತ್ತ ಪ್ರೊಪೆಲ್ಲರನ್ನು ತಿರುಗಿಸುತ್ತಿದ್ದವು. ಅದು ಹಾರಿದ್ದು 11 ಸೆಕೆಂಡು, ಸುಮಾರು 40 ಮೀಟರು. ಮನುಷ್ಯರನ್ನು ಹೊತ್ತ ರೈಟ್ ಸಹೋದರರ ವಿಮಾನ ನೆಲ ಬಿಡಲು ಇನ್ನೂ 32 ವರ್ಷ ಬಾಕಿಯಿತ್ತು. ಪ್ಲಾನೊಫೋರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ರಬ್ಬರ್ ಅಲ್ಲ, ಮೇಲಕ್ಕೆ ಬಾಗಿದ ರೆಕ್ಕೆಯ ತುದಿಗಳು. ವಿಮಾನ ಒಂದು ಪಕ್ಕಕ್ಕೆ ವಾಲಿದರೆ ಆ ಕಡೆಗೇ ಜಾರತೊಡಗುತ್ತದೆ. ಮೇಲ್ಮುಖವಾಗಿ ಬಾಗಿದ ರೆಕ್ಕೆಯಿದ್ದರೆ, ಜಾರುವಾಗ ಕೆಳಗಿರುವ ಬದಿಗೆ ಗಾಳಿ ಹೆಚ್ಚಿನ ಕೋನದಲ್ಲಿ ಬಡಿದು ಆ ಬದಿಯನ್ನು ಎತ್ತುತ್ತದೆ. ಯಾರೂ ಮುಟ್ಟದೆಯೇ ವಿಮಾನ ಸಮಕ್ಕೆ ಬರುತ್ತದೆ. ಈ ಬಾಗುವಿಕೆಯೇ ಡೈಹೆಡ್ರಲ್.

ಇಂದಿಗೂ ರೆಕ್ಕೆಯ ಎರಡು ಅರ್ಧಗಳನ್ನು ಜೋಡಿಸುವ ಗಳಿಗೆಯೇ ಇಡೀ ಕೆಲಸದಲ್ಲಿ ಉಸಿರು ಬಿಗಿಹಿಡಿಯುವ ಗಳಿಗೆ. ಒಂದು ಅರ್ಧವನ್ನು ಹಲಗೆಗೆ ಬಿಗಿದು, ಇನ್ನೊಂದರ ತುದಿಯನ್ನು ನಕ್ಷೆ ಹೇಳುವಷ್ಟು ಎತ್ತರದ ಮರದ ತುಂಡಿನ ಮೇಲಿಟ್ಟು, ನಡುವೆ ಪ್ಲೈವುಡ್ಡಿನ ಆಸರೆ ಸೇರಿಸಿ ಎಪಾಕ್ಸಿ ಹಾಕುತ್ತಾರೆ. ನಡುವಿನ ರಿಬ್‌ಗಳನ್ನು ಮೊದಲೇ ಡೈಹೆಡ್ರಲ್‌ನ ಅರ್ಧ ಕೋನಕ್ಕೆ ಓರೆಯಾಗಿ ನಿಲ್ಲಿಸಿರದಿದ್ದರೆ ಬೆಸುಗೆಯಲ್ಲಿ ಸಂದು ಉಳಿಯುತ್ತದೆ. ಆ ಸಂದನ್ನು ಅಂಟಿನಿಂದ ತುಂಬಬಾರದು, ಉಜ್ಜಿ ಉಜ್ಜಿಯೇ ಕೂಡಿಸಬೇಕು. ಹಾರಾಟದಲ್ಲಿ ಅತಿ ಹೆಚ್ಚು ಬಲ ಬೀಳುವ ಜಾಗವೇ ಅದು.

ರೆಕ್ಕೆಯ ಮರ ಬಂದದ್ದು ದಕ್ಷಿಣ ಅಮೆರಿಕದಿಂದ, ಹೆಚ್ಚಾಗಿ ಈಕ್ವೆಡಾರಿನಿಂದ. ಬಾಲ್ಸಾ ತೇಗದ ಸುಮಾರು ಕಾಲು ಭಾಗದಷ್ಟೇ ತೂಗುತ್ತದೆ. ಒಂದೇ ಕಟ್ಟಿನ ಹಾಳೆಗಳಲ್ಲೂ ಮೆದುವಾದದ್ದು, ಗಡುಸಾದದ್ದು ಇರುವುದರಿಂದ ಅನುಭವಿಗಳು ಒಂದೊಂದನ್ನೂ ತೂಗಿ, ಬಾಗಿಸಿ ನೋಡಿ ಆರಿಸುತ್ತಾರೆ. ನೇರ ನಾರಿನ ಗಡುಸು ಮರ ಸ್ಪಾರಿಗೆ, ಹಗುರವಾದದ್ದು ರೆಕ್ಕೆತುದಿಗೆ.

ರಿಬ್ಬಿನ ಆಕಾರದ ಹಿಂದೆ ಅಮೆರಿಕದ ಸೇನಾಧಿಕಾರಿ ವರ್ಜಿನಿಯಸ್ ಕ್ಲಾರ್ಕ್ ಇದ್ದಾನೆ. 1922ರಲ್ಲಿ ಆತ ರೂಪಿಸಿದ ಕ್ಲಾರ್ಕ್ ವೈ ಎಂಬ ಅಡ್ಡಕೊಯ್ತದ ಮೇಲ್ಭಾಗ ಉಬ್ಬಿದೆ, ಕೆಳಭಾಗ ಮುಂದಂಚಿನಿಂದ ಶೇ 30ರಷ್ಟು ಹಿಂದೆ ಸರಿದ ಮೇಲೆ ಪೂರ್ತಿ ಸಪಾಟು. 1927ರಲ್ಲಿ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನದ್ದೂ ಇದೇ ಆಕಾರ. ಮನೆಯಲ್ಲಿ ಕಟ್ಟುವವರಿಗಂತೂ ಇದು ವರವೇ ಆಯಿತು: ತಳ ಸಪಾಟಾಗಿದ್ದರೆ ರೆಕ್ಕೆಯನ್ನು ನೇರವಾಗಿ ಹಲಗೆಯ ಮೇಲೇ ಕಟ್ಟಬಹುದು, ತಿರುಚಿಕೊಳ್ಳುವ ಭಯ ಕಡಿಮೆ.

ಇಷ್ಟೆಲ್ಲ ಸಿದ್ಧವಾದ ಮೇಲೆ ರೇಡಿಯೊ ಬಂತು. ಮಿಶಿಗನ್ ರಾಜ್ಯದ ಕಲಮಜೂ ಊರಿನ ಅವಳಿ ಸಹೋದರರು ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್. ಒಬ್ಬನಿಗೆ ವಿಮಾನ ಕಟ್ಟುವ ಹುಚ್ಚು, ಇನ್ನೊಬ್ಬ ಹವ್ಯಾಸಿ ರೇಡಿಯೊ ಬಲ್ಲವನು. ಅವರು 1937ರಲ್ಲಿ ಹಾರಿಸಿದ ‘ಗಫ್’ ಈಗ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಆ ಕಾಲದ ರೇಡಿಯೊಗೆ ಹೇಳಲು ಬರುತ್ತಿದ್ದ ಮಾತು ಬಹಳ ಕಡಿಮೆ. ಚುಕ್ಕಾಣಿ ಪೂರ್ತಿ ಒಂದು ಕಡೆ ತಿರುಗಬೇಕು, ಇಲ್ಲವೇ ನಡುವೆ ನಿಲ್ಲಬೇಕು. ಅಷ್ಟು ಒರಟು ಸೂಚನೆಯಲ್ಲಿ ವಿಮಾನ ಸಲೀಸಾಗಿ ತಿರುಗಿದ್ದು ಡೈಹೆಡ್ರಲ್‌ನಿಂದಲೇ. ಚುಕ್ಕಾಣಿ ಮೂಗನ್ನು ಹೊರಳಿಸಿದೊಡನೆ ಹೊರಬದಿಯ ರೆಕ್ಕೆ ಮೇಲೇಳುತ್ತದೆ, ವಿಮಾನ ವಾಲಿ ತಿರುಗುತ್ತದೆ, ಗುಂಡಿ ಬಿಟ್ಟರೆ ತಾನೇ ಸರಿಹೋಗುತ್ತದೆ. ಪೆನೊ ಬಗ್ಗಿಸಿದ ರೆಕ್ಕೆತುದಿ ಇಲ್ಲದಿದ್ದರೆ ಗುಡ್ ಸಹೋದರರ ರೇಡಿಯೊ ಕೆಲಸಕ್ಕೇ ಬರುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

1960ರ ದಶಕದಲ್ಲಿ ರಿಮೋಟಿನ ಕಡ್ಡಿಯನ್ನು ಎಷ್ಟು ಸರಿಸಿದರೆ ಅಷ್ಟೇ ಸರಿಯುವ, ಸರ್ವೊ ಎಂಬ ಪುಟ್ಟ ಮೋಟಾರುಗಳು ಬಂದವು. ರೆಕ್ಕೆಯ ಹಿಂದಂಚಿನಲ್ಲಿ ಮೇಲೆ ಕೆಳಗೆ ಆಡುವ ಐಲೆರಾನ್ ಪಟ್ಟಿಗಳೇ ವಿಮಾನವನ್ನು ವಾಲಿಸತೊಡಗಿದವು. ತಲೆಕೆಳಗಾಗಿಯೂ ಹಾರಬೇಕೆನ್ನುವವರಿಗೆ ಡೈಹೆಡ್ರಲ್ ತೊಡಕಾಯಿತು, ಮೇಲೂ ಕೆಳಗೂ ಒಂದೇ ಸಮ ಉಬ್ಬಿದ ರೆಕ್ಕೆ ಬೇಕಾಯಿತು. ಅಂಥದ್ದು ಹಲಗೆಯ ಮೇಲೆ ಕೂರುವುದಿಲ್ಲ. ಹಾಗಾಗಿ ರಿಬ್‌ಗಳಿಗೆ ಪುಟ್ಟ ಕಾಲುಗಳನ್ನು ಬಿಟ್ಟು ಕತ್ತರಿಸಿ, ಕಟ್ಟಿ ಮುಗಿದ ಮೇಲೆ ಆ ಕಾಲುಗಳನ್ನು ತೆಗೆಯುವ ಪದ್ಧತಿ ಬಂತು. ಕಾದ ತಂತಿಯಿಂದ ಥರ್ಮಾಕೋಲ್ ಕೊಯ್ದು ಮೇಲೆ ಬಾಲ್ಸಾ ಹೊದಿಸುವುದೂ ರೂಢಿಯಾಯಿತು. ಥರ್ಮಾಕೋಲಿಗೆ ಮಾಮೂಲಿ ಸೂಪರ್ ಗ್ಲೂ ತಾಗಿಸಬಾರದು, ಕರಗಿಹೋಗುತ್ತದೆ. ಟಿಶ್ಯೂ ಕಾಗದ ಹೊದಿಸಿ ಡೋಪ್ ಎಂಬ ಮೆರುಗೆಣ್ಣೆ ಬಳಿಯುತ್ತಿದ್ದ ಜಾಗಕ್ಕೆ ಇಸ್ತ್ರಿಪೆಟ್ಟಿಗೆಯಿಂದ ಬಿಗಿಯಾಗುವ ಪ್ಲಾಸ್ಟಿಕ್ ಪೊರೆ ಬಂತು. ಅದನ್ನೂ ಮೇಲೆ ಒಂದಿಷ್ಟು, ಕೆಳಗೆ ಒಂದಿಷ್ಟು ಎಂದು ಸರದಿಯಲ್ಲಿ ಬಿಗಿಸಬೇಕು. ಇಲ್ಲದಿದ್ದರೆ ಪೊರೆಯ ಎಳೆತಕ್ಕೇ ರೆಕ್ಕೆ ತಿರುಚುತ್ತದೆ.

ನಮ್ಮಲ್ಲಿ ಎನ್‌ಸಿಸಿ ವಾಯು ವಿಭಾಗದ ಕೆಡೆಟ್‌ಗಳು ಏರೋಮಾಡೆಲಿಂಗನ್ನು ತರಬೇತಿಯ ಭಾಗವಾಗಿ ಕಲಿಯುತ್ತಾರೆ. ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ರಿಬ್‌ಗಳನ್ನು ಲೇಸರ್ ಯಂತ್ರದಲ್ಲಿ ಕತ್ತರಿಸಿ ಸ್ಪರ್ಧೆಗಳಿಗೆ ವಿಮಾನ ಕಟ್ಟುತ್ತಾರೆ. ಡಬ್ಬಿಯಿಂದ ತೆಗೆದು ಹಾರಿಸುವ ಫೋಮ್ ವಿಮಾನಗಳು ಅಗ್ಗವಾಗಿ ಸಿಗುವ ಈ ಹೊತ್ತಿನಲ್ಲೂ ಮಕ್ಕಳ ಕೈಗೆ ಒಮ್ಮೆಯಾದರೂ ಸಪಾಟು ತಳದ ಬಾಲ್ಸಾ ರೆಕ್ಕೆಯ ನಕ್ಷೆ ಕೊಡಬೇಕು. ತುದಿಯ ಹಿಂದಂಚನ್ನು ಕೂದಲೆಳೆಯಷ್ಟು ಮೇಲೆತ್ತಿ ಕಟ್ಟಿದರೆ ವೇಗ ತಗ್ಗಿದಾಗಲೂ ವಿಮಾನ ಏಕೆ ಪಕ್ಕಕ್ಕೆ ಉರುಳುವುದಿಲ್ಲ ಎಂಬುದನ್ನು ಪಠ್ಯಪುಸ್ತಕಕ್ಕಿಂತ ಆ ರೆಕ್ಕೆಯೇ ಚೆನ್ನಾಗಿ ಕಲಿಸುತ್ತದೆ.

ಹಳೆಯ ಬಾಲ್ಸಾ ಏನು ಮಾಡಬಲ್ಲದು ಎಂಬುದನ್ನು 2003ರ ಆಗಸ್ಟ್‌ನಲ್ಲಿ ಅಮೆರಿಕದ ಮಾದರಿ ವಿಮಾನ ಹವ್ಯಾಸಿ ಮೇನಾರ್ಡ್ ಹಿಲ್ ತೋರಿಸಿದರು. ಆ ವೇಳೆಗೆ ಅವರ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ, ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಹಿಂದೆ ಬಿಟ್ಟ ವಿಮಾನಗಳು ಸಮುದ್ರದ ಪಾಲಾಗಿದ್ದವು. ಇಂಧನ ಸೇರಿ ಸುಮಾರು 5 ಕೆ.ಜಿ. ತೂಗುವ, ಬಾಲ್ಸಾ ಮತ್ತು ಪೊರೆಯ ಒಂದು ವಿಮಾನ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಹೊರಟು ಸುಮಾರು 3,030 ಕಿ.ಮೀ. ಹಾರಿತು. ರೇಡಿಯೊ ಕೈಗೆಟುಕದ ನಡುಗಡಲಲ್ಲಿ ಅದನ್ನು ನಡೆಸಿದ್ದು ಜಿಪಿಎಸ್ ಆಧಾರಿತ ಆಟೊಪೈಲಟ್. 38 ಗಂಟೆ 52 ನಿಮಿಷಗಳ ನಂತರ ಐರ್ಲೆಂಡಿನ ಮ್ಯಾನಿನ್ ಕಡಲತೀರದಲ್ಲಿ ಕಾದಿದ್ದ ಸಂಗಡಿಗರು ರಿಮೋಟ್ ಹಿಡಿದು ಅದನ್ನು ನೆಲಕ್ಕಿಳಿಸಿದರು.